ಕಾಲುಚೀಲ ತೊಟ್ಟ ಕೈ

"ಎಣದ್ ಮುಂದೆ ಕೂಸಿನ್ ಕೈ ಕಟ್ಟಾರೇನ್ಲಾ? ತಗಿ ಅತ್ಲಾಗೆ!"

ವಸಂತನ ಕಂಕುಳಲ್ಲಿದ್ದ ಮಗುವಿನ ಎಡಗೈಯಿಂದ ಅವನ ಸೋದರತ್ತೆ ಭಾಗ್ಯಮ್ಮ ಕಾಲುಚೀಲವನ್ನು ಎಳೆದೇಬಿಟ್ಟಳು.

"ಅತ್ತೇ, ಅಜ್ಜೀನೇ ದಿನಾ ಆಕ್ತಿದ್ದಿದ್ದು ಕಣವ್ವ..."

"ಅಂಗಾರೆ ಅಜ್ಜಿ ಜೊತೇಲೇ ಓಗ್ಲಿ ಬುಡು." ಕಾಲುಚೀಲವನ್ನು ತನ್ನ ತಾಯಿಯ ಹೆಣದ ಸೊಂಟದ ಬಳಿ ಸೀರೆಯ ಮಡಿಕೆಗೆ ತುರುಕಿ, ಭಾಗ್ಯಮ್ಮ ಮತ್ತೆ ಅಳಲು ಕೂತಳು.

ಹನಗೋಡಿನ ಆ ಅಂಗಳದಲ್ಲಿ ಅಜ್ಜಿ ಚಿಕ್ಕಸಿದ್ದಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೈಯ ಎರಡೂ ಹೆಬ್ಬೆರಳು ಸೇರಿಸಿ ಬಿಳೀ ದಾರ ಕಟ್ಟಿತ್ತು. ಆಯುಷ್ಯವೆಲ್ಲ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟಿದ ಕೈಗಳು. ಉಗುರಿನ ಸಂದಿಯ ಕರೀ ಜಿಡ್ಡು ಕೊನೇ ಸ್ನಾನಕ್ಕೂ ಬಿಟ್ಟಿರಲಿಲ್ಲ.

"ನನ್ ಮೂಗ ಈಯಮ್ಮನೇ ತಿದ್ದಿದ್ದು. ಕೂಸಾಗಿದ್ದಾಗ ನೀರಾಕವಾಗ ಎಳ್ದೂ ಎಳ್ದೂ ನೆಟ್ಟಗ್ ಮಾಡುದ್ಲಂತೆ" ಎಂದ ಪಕ್ಕದ ಮನೆಯ ಸುರೇಶ.

"ಅದ್ಕೇ ಇಂಗ್ ಸೊಟ್ಟಗದೆ ಬುಡು" ಎಂದರು ಯಾರೋ. ಅಳುತ್ತಿದ್ದ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು.

ವಸಂತ ನಗಲಿಲ್ಲ. ಅಜ್ಜಿ ಸತ್ತ ದಿನವೂ ತಪ್ಪಬಾರದೆಂದು ಬೆಳಗ್ಗೆ ಅವನೇ ಆ ಕಾಲುಚೀಲ ತೊಡಿಸಿದ್ದ. ಮೊದಲ ಸಲ.

* * *

ವಸಂತನ ಮಗಳು ಅನುಶ್ರೀ ಹುಟ್ಟಿದಾಗ ತಡವಾಗಿ ಅತ್ತ ಮಗು. ತಿಂಗಳುಗಳು ಕಳೆದರೂ ಬಲಗೈ ಮುಷ್ಟಿ ಬಿಚ್ಚಲಿಲ್ಲ, ಹೆಬ್ಬೆರಳು ಒಳಗೇ ಮಡಚಿಕೊಂಡಿತ್ತು. ಎಡಗೈ ಮಾತ್ರ ಸಿಕ್ಕಿದ್ದನ್ನೆಲ್ಲ ಕಸಿಯುತ್ತಿತ್ತು.

"ಮುಂದೆ ಏನಾಗುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ. ಆದ್ರೆ ಕಾಯ್ತಾ ಕೂರಬೇಡಿ" ಎಂದಿದ್ದರು ಮೈಸೂರಿನ ಥೆರಪಿ ಮೇಡಂ. "ಚೆನ್ನಾಗಿರೋ ಕೈಗೆ ದಿನಾ ಸ್ವಲ್ಪ ಹೊತ್ತು ಸಡಿಲವಾಗಿ ಕಾಲುಚೀಲ ಹಾಕಿ. ಆಟದ ಸಾಮಾನು ಇನ್ನೊಂದು ಕೈ ಕಡೆ ತೋರಿಸಿ. ಆ ಕೈಯೂ ತನ್ನದೇ ಅಂತ ಮಗುವಿಗೆ ಗೊತ್ತಾಗಬೇಕು. ಬೆರಳು ಎಳೆದು ಬಿಚ್ಚಬೇಡಿ, ಮುಂಗೈ ಸವರಿ."

ಮೊದಲ ದಿನ ಹೆಂಡತಿ ವಾಣಿಶ್ರೀ ತೊಡಿಸಿದ ಕಾಲುಚೀಲವನ್ನು, ಮಗು ಕಿರುಚಿಕೊಂಡಾಗ ವಸಂತ ಕಿತ್ತೆಸೆದ. ಅವಳು ಒಳಗೆ ಹೋಗಿ ಕಿವಿ ಮುಚ್ಚಿಕೊಂಡಳು.

"ಕೊಡ್ಲಾ ಇತ್ಲಾಗೆ" ಎಂದು ಎತ್ತಿಕೊಂಡವಳು ಅಜ್ಜಿ. "ಊರ್ ಕೂಸ್ಗೊಳೆಲ್ಲ ನನ್ ಕಾಲ್ ಮ್ಯಾಲೆ ಬೋರಲ್ ಮಲಗ್ಸುದ್ರೆ ಅತ್ತವೇ. ಅತ್ರೆ ಅಳ್ಲಿ."

ಅಂದಿನಿಂದ ಅದು ಅವಳ ಕೆಲಸವಾಯಿತು. ಎಲೆಅಡಿಕೆ ಡಬ್ಬಿಯ ಮುಚ್ಚಳವನ್ನು ಮಗುವಿನ ಬಲಗಡೆ ಹಿಡಿದು ಟಿಣ್ ಟಿಣ್ ಎನಿಸುತ್ತ, ಮುಂಗೈ ಸವರುತ್ತ, ಬೇಜಾರಿಲ್ಲದೆ ಕೂರುತ್ತಿದ್ದಳು. ಹೋದ ವಾರ ಕೂಗಿ ಕರೆದಿದ್ದಳು: "ವಸಂತಾ, ಹೆಬ್ಬೆಟ್ ಈಚೆಗ್ ಬಂತು ಕಣ್ಲಾ! ನಾನ್ ಕಂಡೆ!"

ಅವನು ಓಡಿ ಬರುವಷ್ಟರಲ್ಲಿ ಮುಷ್ಟಿ ಮುಚ್ಚಿತ್ತು. ಮುದುಕಿಗೆ ಪೊರೆ ಬಂದ ಕಣ್ಣು. ನಿಜವೋ ಭ್ರಮೆಯೋ, ಕಂಡವಳು ಅವಳೊಬ್ಬಳೇ.

* * *

"ಮರಿಮೊಮ್ಮಗಳ ಕೈಲಿ ಬಾಯಿಗಕ್ಕಿ ಆಕ್ಸಿ, ಒಳ್ಳೇದು" ಎಂದರು ಹಿರಿಯರಾದ ವೀರಭದ್ರಸ್ವಾಮಿ.

ಅಕ್ಕಿ ಕಂಡ ಮಗು ಎಡಗೈ ಚಾಚಿತು.

"ಏಯ್, ಎಡಗೈ ಬ್ಯಾಡ! ಬಲಗೈ!" ಅಂಗಳವೇ ಕೂಗಿತು. ವೀರಭದ್ರಸ್ವಾಮಿ ಬಲಮುಷ್ಟಿಗೆ ತಮ್ಮ ದಪ್ಪ ಬೆರಳು ತೂರಿಸಲು ಹೋದರು.

"ಮುಟ್‌ಬ್ಯಾಡಿ!" ವಸಂತನ ದನಿಗೆ ಅವರು ಹಿಂದೆ ಸರಿದರು.

ಅವನು ಅಜ್ಜಿಯಂತೆ ಮಣಿಕಟ್ಟಿನಿಂದ ಮುಂಗೈ ಸವರಿದ. ಮತ್ತೆ ಸವರಿದ. ಬೆರಳುಗಳು ಕೊಂಚ ಸಡಿಲವಾದವು. ವಾಣಿಶ್ರೀ ನಾಲ್ಕು ಕಾಳು ಅಕ್ಕಿ ಇಟ್ಟಳು. ಅಕ್ಕಿ ತಾಕಿದ್ದೇ ತಡ ಮುಷ್ಟಿ ಬಿಗಿದುಕೊಂಡಿತು. ಅಜ್ಜಿಯ ಬಾಯಿಯ ಮೇಲೆ ಹಿಡಿದು ಎಷ್ಟು ಹೊತ್ತು ನಿಂತರೂ ಒಂದು ಕಾಳೂ ಉದುರಲಿಲ್ಲ.

"ಒತ್ತಾಯ್ತು. ಎತ್ರಪ್ಪ."

ಅವನು ಸವರುತ್ತಲೇ ಇದ್ದ. ಚಟ್ಟ ಅಂಗಳ ದಾಟಿತು. ಮಗುವನ್ನು ವಾಣಿಶ್ರೀಗೆ ಕೊಟ್ಟು ಅವನು ಹೆಗಲು ಕೊಡಲು ಓಡಿದ.

ಹೊಲದಲ್ಲಿ ಗುಂಡಿಗಿಳಿಸಿದ ಮೇಲೆ ಹೆಬ್ಬೆರಳ ದಾರ ಕತ್ತರಿಸಿದರು. ದಾರ ಬಿಚ್ಚಿದರೂ ಕೈಗಳು ಕಟ್ಟಿದ ಹಾಗೆಯೇ ಇದ್ದವು. ಸೊಂಟದ ಬಳಿ ಕಾಲುಚೀಲದ ತುದಿ ಇಣುಕುತ್ತಿತ್ತು. ವಸಂತ ಬಗ್ಗಿದ.

"ಎಣದ್ ಮೇಲಿಂದು ವಾಪಸ್ ತಗೀಬಾರ್ದು ಕಣಪ್ಪಾ" ಎಂದು ವೀರಭದ್ರಸ್ವಾಮಿ ಅವನ ರಟ್ಟೆ ಹಿಡಿದರು. ಮಣ್ಣು ಬಿತ್ತು. ಎಲ್ಲರನ್ನೂ ಬಡಿಯಬೇಕು ಅನ್ನಿಸಿತು ಅವನಿಗೆ. ಬಡಿದರೆ ಯಾವ ಕೈ ಬಿಚ್ಚುತ್ತದೆ?

ಸ್ನಾನ ಮಾಡಿ ಮನೆಗೆ ಬಂದಾಗ ಅಜ್ಜಿ ಕೂತಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ವಸಂತ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಡಬ್ಬಿಯ ಮುಚ್ಚಳವನ್ನು ಬಲಗಡೆ ಟಿಣ್ ಎನಿಸಿದ. ಎಡಗೈ ಅಡ್ಡಹಾಯ್ದು ಕಸಿಯಲು ಬಂತು. ಆ ಪುಟ್ಟ ಕೈಯನ್ನು ಅವನು ತನ್ನ ಅಂಗೈಯೊಳಗೆ ಮೆಲ್ಲಗೆ ಮುಚ್ಚಿಕೊಂಡ. ಮಗು ಕಿರುಚಿತು.

"ಬುಡ್ಲಾ, ಸಾವಿನ್ ಮನೇಲಿ ಕೂಸ್ನ ಯಾಕಿಂಗ್ ಅಳುಸ್ತೀಯ?" ಭಾಗ್ಯಮ್ಮ ಗದರಿದಳು.

"ಅತ್ರೆ ಅಳ್ಲಿ."

ಅವನ ಕಣ್ಣಲ್ಲೂ ನೀರು. ವಾಣಿಶ್ರೀ ಈ ಸಲ ಒಳಗೆ ಹೋಗಲಿಲ್ಲ. ಮುಚ್ಚಳ ತೆಗೆದುಕೊಂಡು ಬಲಗಡೆ ಹಿಡಿದಳು. ಟಿಣ್, ಟಿಣ್. ಬಲಮುಷ್ಟಿ ಮುಚ್ಚಿಯೇ ಇತ್ತು. ಬೆರಳ ಸಂದಿಯಲ್ಲಿ, ಬೆವರಿಗೆ ಉಬ್ಬಿದ ಒಂದೇ ಒಂದು ಅಕ್ಕಿಕಾಳು ಹೊರಗೆ ಇಣುಕಿ, ಅಲ್ಲೇ ಸಿಕ್ಕಿಕೊಂಡಿತ್ತು.