ಎಡೆ ಮುಟ್ಟದ ಕಾಗೆ

ಅಮ್ಮ ತೀರಿಕೊಂಡ ಮೇಲಿನ ಉತ್ತರಕ್ರಿಯೆಯ, ಬೊಜ್ಜದ, ದಿನ ಬಸ್ರೂರಿನ ಮನೆಯ ಹಿತ್ತಲಲ್ಲಿಟ್ಟ ಎಡೆಯನ್ನು ಎಷ್ಟು ಕರೆದರೂ ಕಾಗೆ ಮುಟ್ಟಲಿಲ್ಲ.

"ಅಕ್ಕ ಪೂರ್ತಿ ಹೋಯ್ಲಿಲ್ಲ ಅನಿಷಾ, ಇನ್ನೂ ಎಂತದೋ ಬಾಕಿ ಇತ್ತ್," ಎಂದರು ಸೋದರಮಾವ ಮಂಜಯ್ಯ.

ಅನಿಷಾಗೆ ಲ್ಯಾಬಿನ ಬಾಟಲಿ ನೆನಪಾಯಿತು. ಅವಳು ಕೆಲಸ ಮಾಡುವ ಕ್ಯಾನ್ಸರ್ ಲ್ಯಾಬಿನಲ್ಲಿ, ಅಮ್ಮ ತನ್ನದೇ ಗಡ್ಡೆಯಿಂದ ಸಂಶೋಧನೆಗೆಂದು ಸಹಿ ಹಾಕಿ ಕೊಟ್ಟ ಚೂರೊಂದು ಬಾಟಲಿಯೊಳಗೆ ಇನ್ನೂ ಬೆಳೆಯುತ್ತಿತ್ತು. ಜೀವಕೋಶ ಎರಡಾಗಿ ಒಡೆಯುವ ಮೊದಲು 'ನಿಲ್ಲು' ಎನ್ನಬೇಕಾದ ಪ್ರೋಟೀನು ಅದರಲ್ಲಿ ಕೆಟ್ಟುಹೋಗಿತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ, ಆ ಕೋಶಗಳು ಸಾಯುವುದನ್ನೇ ಮರೆತಿದ್ದವು.

ಕೈಯಲ್ಲಿದ್ದ ಮೊಬೈಲು ಅದುರಿತು. ಲ್ಯಾಬಿನ ಗೆಳತಿ ಪ್ರೇಕ್ಷಾಳ ಮೆಸೇಜು: "ನಿನ್ನ ಬಾಟ್ಲಿಯ ಕೋಶಗಳಿಗೆ ಈಗಷ್ಟೇ ಊಟ ಹಾಕ್ದೆ ಮಾರಾಯ್ತಿ."

ಅನಿಷಾ ತಲೆಯೆತ್ತಿದಳು. ಕಾಗೆ ಎಲೆಯ ಮೇಲೆ ಕೂತು ಅನ್ನ ಕುಕ್ಕುತ್ತಿತ್ತು.