ಓರಗಿತ್ತಿಯ ಅರ್ಜಿ

ದೊಡ್ಡವಳು ಮೂರು ದಿನದಿಂದ ಮೆಟ್ಟಿಲಿಳಿದಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಚಿಕ್ಕವಳು. ಒಂಬತ್ತು ವರ್ಷದಿಂದ ಅವಳೊಂದಿಗೆ ಮಾತು ಬಿಟ್ಟವಳೂ ಅವಳೇ.

ಇಬ್ಬರೂ ಓರಗಿತ್ತಿಯರು. ಅತ್ತೆ ಬದುಕಿದ್ದಾಗ ಸೊಸೆಯರನ್ನು ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು; ಬೀದಿಯವರ ಬಾಯಲ್ಲೂ ಅದೇ ನಿಂತಿತು. ದೊಡ್ಡವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳು ಮಹಡಿಯಲ್ಲಿ ಒಬ್ಬಳೇ ಇದ್ದಳು. ಕೆಳಗೆ ಬೀದಿಗೆ ತೆರೆದ ಕೋಣೆಯಲ್ಲಿ ಚಿಕ್ಕವಳು, ಅವಳ ಗಂಡ ಇಸ್ತ್ರಿ ಅಂಗಡಿ ಇಟ್ಟಿದ್ದರು. ಮಹಡಿ ಮೆಟ್ಟಿಲು ಹೊರಗೋಡೆಗೆ ಅಂಟಿಕೊಂಡು ಬಂದು ಅಂಗಡಿಯ ಬಾಗಿಲ ಪಕ್ಕದಲ್ಲೇ ಮುಗಿಯುತ್ತಿತ್ತು. ಇಸ್ತ್ರಿ ಮೇಜಿನ ಹಿಂದೆ ನಿಂತವಳ ಕಣ್ಣು ತಪ್ಪಿಸಿ ಬೆಕ್ಕೂ ಮೇಲೆ ಹೋಗುವಂತಿರಲಿಲ್ಲ.

ದೊಡ್ಡವಳು ದಿನಾ ಎಂಟೂವರೆಗೆ ಇಳಿದು ಬೈಂಡಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದಳು, ಸಂಜೆ ಆರಕ್ಕೆ ಹತ್ತುತ್ತಿದ್ದಳು. ಇವಳು ತಲೆ ಎತ್ತುತ್ತಿರಲಿಲ್ಲ, ಅವಳು ತಲೆ ತಿರುಗಿಸುತ್ತಿರಲಿಲ್ಲ. ಆದರೂ ಅವಳು ಚಪ್ಪಲಿ ಬದಲಿಸಿದ್ದು, ಇತ್ತೀಚೆಗೆ ಎಡಗಾಲು ಎಳೆಯತೊಡಗಿದ್ದು, ಅರ್ಧ ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಳ್ಳುವುದು ಎಲ್ಲ ಇವಳಿಗೆ ಗೊತ್ತಿತ್ತು. ಮುನಿಸು ಬಾಯಿಗಿತ್ತೇ ಹೊರತು ಕಣ್ಣಿಗಿರಲಿಲ್ಲ.

"ಮೇಲೆ ಹೋಗಿ ನೋಡ್ಕೊಂಡ್ ಬನ್ನಿ," ಎಂದಳು ಗಂಡನಿಗೆ.

ಅವನು ತನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದ. ಹಾಸಿಗೆ ಮಡಿಚಿತ್ತು, ತೊಳೆದ ಪಾತ್ರೆ ಬೋರಲು ಹಾಕಿತ್ತು, ಫೋನು ಗೂಡಿನಲ್ಲಿ ಸ್ವಿಚ್ ಆಫ್ ಆಗಿ ಬಿದ್ದಿತ್ತು. ಅಂಗಡಿ ತೆರೆಯುವ ಮೊದಲೇ ಇಳಿದು ಹೋಗಿರಬೇಕು. ಪ್ರೆಸ್ಸಿನವರನ್ನು ಕೇಳಿದರೆ ಎರಡು ದಿನ ರಜೆ ಕೇಳಿದ್ದರು, ಆಮೇಲೆ ಬಂದಿಲ್ಲ ಎಂದರು. ದೂರದ ಊರಿನಲ್ಲಿದ್ದ ಅವಳ ತಮ್ಮ ಇಲ್ಲಿಗೂ ಬಂದಿಲ್ಲ ಎಂದ.

ಪೊಲೀಸ್ ಠಾಣೆಯಲ್ಲಿ ಮೀಸೆ ಹಣ್ಣಾದ ದಫೇದಾರರು ಪೆನ್ನಿನ ಮುಚ್ಚಳ ತೆಗೆದರು. "ಕಾಣೆಯಾದೋರು ನಿಮಗೇನಾಗ್ಬೇಕು?"

"ಓರಗಿತ್ತಿ."

ಅವರು ಪೆನ್ನು ಕೆಳಗಿಟ್ಟು ನಕ್ಕರು. "ಇಪ್ಪತ್ತೆಂಟು ವರ್ಷ ಸರ್ವಿಸ್ ಆಯ್ತಮ್ಮ. ಓರಗಿತ್ತಿ ಮನೇಲಿದಾಳೆ ಅಂತ ಕಂಪ್ಲೇಂಟ್ ಕೊಡೋರನ್ನ ನೋಡಿದೀನಿ, ಇಲ್ಲ ಅಂತ ಕೊಡೋರನ್ನ ಇವತ್ತೇ ನೋಡ್ತಿರೋದು."

"ಹಾಗಾದ್ರೆ ಮೊದಲನೇದು ಅಂತ ನೆನಪಿಟ್ಕೊಂಡು ಬರ್ಕೊಳ್ಳಿ," ಎಂದಳು ಚಿಕ್ಕವಳು.

ಬರೆದುಕೊಂಡರು, ಫೋಟೋ ಇಸಕೊಂಡರು. ಅಷ್ಟೇ. ವಾರಕ್ಕೊಮ್ಮೆ ಹೋದರೆ "ದೊಡ್ಡೋರು, ಬುದ್ಧಿ ಇರೋರು, ಬರ್ತಾರೆ ಬಿಡಿ" ಎನ್ನುತ್ತಿದ್ದರು. ಎರಡು ತಿಂಗಳಾದ ಮೇಲೆ ಇಬ್ಬರು ಪೇದೆಗಳು ಬಂದು ಬೀದಿಯವರನ್ನು ವಿಚಾರಿಸಿದರು. ಇವರಿಬ್ಬರಿಗೂ ಎಣ್ಣೆ ಸೀಗೇಕಾಯಿ ಎಂದು ಯಾರೋ ಹೇಳಿರಬೇಕು. ಪೇದೆಗಳು ಹಿತ್ತಲಿಗೆ ಹೋಗಿ, ಹೊಸದಾಗಿ ಸಿಮೆಂಟು ಹಾಕಿದ ಬಟ್ಟೆ ಒಗೆಯುವ ಜಾಗವನ್ನು ಬೂಟುಗಾಲಿನಿಂದ ತಟ್ಟಿ ನೋಡಿದರು. ಅಂದು ಗಂಡ ಊಟ ಮಾಡಲಿಲ್ಲ.

ಮಾರನೆಯ ದಿನ ವಕೀಲೆ ಬಂದರು. ಅವರ ಕರಿಕೋಟುಗಳಿಗೆ ಏಳೆಂಟು ವರ್ಷದಿಂದ ಇಲ್ಲೇ ಇಸ್ತ್ರಿಯಾಗುತ್ತಿತ್ತು. ಕೋಟಿನ ತೋಳು ತಿರುಗಿಸುತ್ತಲೇ ಚಿಕ್ಕವಳು ಎಲ್ಲ ಹೇಳಿದಳು.

"ಹೇಬಿಯಸ್ ಕಾರ್ಪಸ್ ಹಾಕೋಣ," ಎಂದರು ವಕೀಲೆ. "ಇವರನ್ನ ಹುಡುಕಿ ತಂದು ನಿಲ್ಲಿಸಿ ಅಂತ ಪೊಲೀಸರಿಗೆ ದೊಡ್ಡ ಕೋರ್ಟಿಂದಾನೇ ಆರ್ಡರ್ ಕೇಳೋದು. ಹಳೇ ಭಾಷೇಲಿ ಅದರರ್ಥ, ದೇಹ ತಗೊಂಡ್ಬಾ ಅಂತ."

ಚಿಕ್ಕವಳ ಕೈ ನಿಂತುಬಿಟ್ಟಿತು. "ದೇಹಾನಾ?"

"ಅಯ್ಯೋ, ಉಸಿರಾಡೋ ದೇಹಾನೇ ರೀ. ಇಸ್ತ್ರಿ ಎತ್ತಿ, ನನ್ನ ಕೋಟು!"

ನಕ್ಕ ಮೇಲೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಯಾರಾದರೂ ಕೂಡಿಹಾಕಿದ್ದರೆ ಕೋರ್ಟು ಬಿಡಿಸುತ್ತದೆ. ಅವರೇ ಇಷ್ಟಪಟ್ಟು ಹೋಗಿದ್ದರೆ ಬಲವಂತವಾಗಿ ಮನೆಗೆ ಕಳಿಸುವುದಿಲ್ಲ. ಆದರೆ ಹುಡುಕುವುದಂತೂ ಹುಡುಕುತ್ತಾರೆ.

"ಇದಾರೆ ಅಂತ ಗೊತ್ತಾದ್ರೆ ಸಾಕು," ಎಂದಳು ಚಿಕ್ಕವಳು.

ಸಂಜೆ ಅಂಗಡಿಯಲ್ಲೇ ಕೂತು ವಕೀಲೆ ವಿವರ ಬರೆದುಕೊಂಡರು. "ಜಗಳ ಯಾಕಾಯ್ತು? ಮುಚ್ಚಿಟ್ರೆ ಸರ್ಕಾರಿ ವಕೀಲರು ತೆಗೆದೇ ತೆಗೀತಾರೆ. ನಾವೇ ಬರೆಯೋದು ವಾಸಿ."

ಚಿಕ್ಕವಳು ಮಡಿಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಚಿದಳು. ಅತ್ತೆ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ದೊಡ್ಡವಳಿಗೆ ಪ್ರೆಸ್ಸಿನ ಕೆಲಸ; ಎತ್ತಿ ಕೂರಿಸಿದ್ದು, ಸ್ನಾನ ಮಾಡಿಸಿದ್ದು, ಬಳಿದದ್ದು ಎಲ್ಲ ಚಿಕ್ಕವಳೇ. ಅತ್ತೆ ಹೋದ ದಿನ ದೊಡ್ಡವಳು ಪ್ರೆಸ್ಸಿನ ಪುಸ್ತಕ ತಲುಪಿಸಲು ಬೇರೆ ಊರಿಗೆ ಹೋಗಿದ್ದಳು, ನಾಲ್ಕು ಗಂಟೆಗೆ ಬರುವವಳಿದ್ದಳು. ಅವಳು ಬರುವವರೆಗೆ ಕಾಯೋಣವೇ ಎಂದು ಭಾವ, ದೊಡ್ಡವಳ ಗಂಡ, ಕೇಳಿದಾಗ, ಹೆಚ್ಚು ಹೊತ್ತು ಇಡಬಾರದು ಅಂತ ಡಾಕ್ಟರು ಹೇಳಿದಾರೆ ಎಂದವಳು ಚಿಕ್ಕವಳು. ಡಾಕ್ಟರು ಹಾಗೆ ಹೇಳಿಯೇ ಇರಲಿಲ್ಲ. ದೊಡ್ಡವಳು ಬರುವ ಹೊತ್ತಿಗೆ ಮನೆ ತೊಳೆದಾಗಿತ್ತು.

"ಎಲ್ಲರೂ ಬಂದು ಅಳೋದ್ರಲ್ಲಿ ಇವಳೂ ಬಂದು ದೊಡ್ಡ ಸೊಸೆ ಅಂತ ಮುಂದೆ ಕೂರ್ತಾಳಲ್ಲ ಅಂತ ನನಗೆ ಹೊಟ್ಟೆಕಿಚ್ಚು," ಎಂದಳು. "ಕೂಗಾಡಿದ್ಲು. ಬಳಿಯೋಕೆ ನಾನು, ಅಳೋಕೆ ಮಾತ್ರ ನೀನಾ ಅಂದೆ. ಅವತ್ತೇ ಕೊನೆ ಮಾತು."

ಬಟ್ಟೆ ಗಂಟು ಕಟ್ಟುತ್ತಿದ್ದ ಗಂಡ ತಲೆ ಎತ್ತಿ ಅವಳನ್ನು ನೋಡಿದ. ಡಾಕ್ಟರ ವಿಷಯ ಅವನಿಗೂ ತಿಳಿದಿರಲಿಲ್ಲ. ಗಂಟನ್ನು ಬಿಗಿದು ಪಕ್ಕಕ್ಕಿಟ್ಟು, "ಬರ್ಕೊಳ್ಳಿ ಮೇಡಂ," ಎಂದ. ಅದು ಅರ್ಜಿಯ ಏಳನೇ ಪ್ಯಾರಾ ಆಯಿತು.

ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕೂತಿದ್ದರು. ಸರ್ಕಾರಿ ವಕೀಲರು ಎದ್ದು, ಅರ್ಜಿದಾರಳೇ ಕಾಣೆಯಾದವಳ ಜೊತೆ ಒಂಬತ್ತು ವರ್ಷ ಮಾತಾಡಿಲ್ಲ, ಹಾಗಾಗಿ ಈ ಅರ್ಜಿಯ ಉದ್ದೇಶವನ್ನೇ ನೋಡಬೇಕು ಎಂದರು.

"ಹೌದೇನಮ್ಮ?" ಹಿರಿಯ ನ್ಯಾಯಮೂರ್ತಿಗಳು ಕೇಳಿದರು.

"ಹೌದು ಸ್ವಾಮಿ. ಮಾತಾಡೋಕೆ ಮಾತು ಬೇಕು. ಹುಡುಕೋಕೆ ಯಾಕೆ?"

ನ್ಯಾಯಮೂರ್ತಿಗಳು ಪೊಲೀಸರಿಗೆ ಎರಡು ವಾರ ಗಡುವು ಕೊಟ್ಟರು. ಎರಡು ತಿಂಗಳಲ್ಲಿ ಆಗದ ಕೆಲಸ ಹನ್ನೊಂದು ದಿನದಲ್ಲಿ ಆಯಿತು. ಪ್ರೆಸ್ಸಿನ ಹಳೆಯ ಗಿರಾಕಿಗಳ ಪಟ್ಟಿ ಹಿಡಿದು ಹೊರಟ ದಫೇದಾರರಿಗೆ ನಾಲ್ಕು ತಾಸಿನ ದಾರಿಯ ಒಂದು ಊರಿನಲ್ಲಿ, ಕಣ್ಣು ಕಾಣದವರ ಶಾಲೆಯಲ್ಲಿ ದೊಡ್ಡವಳು ಸಿಕ್ಕಿದಳು. ಅಲ್ಲಿ ಉಬ್ಬುಚುಕ್ಕಿಗಳನ್ನು ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ, ಇರಲು ಹಿಂದೆಯೇ ಒಂದು ಕೋಣೆ.

ಅವಳು ಮಹಿಳಾ ಪೇದೆಯೊಬ್ಬಳ ಜೊತೆ ಕೋರ್ಟಿಗೆ ಬಂದಳು. ಸ್ವಲ್ಪ ಇಳಿದಿದ್ದಳು, ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಚಿಕ್ಕವಳು ಹಿಂದಿನ ಬೆಂಚಿನಲ್ಲಿ ಗಂಡನ ತೋಳು ಹಿಡಿದು ಕೂತಳು. ಹಿಡಿದದ್ದು ಅವಳಿಗೇ ತಿಳಿಯಲಿಲ್ಲ.

"ನಿಮ್ಮನ್ನ ಯಾರಾದ್ರೂ ಹಿಡಿದಿಟ್ಟಿದ್ರಾ?"

"ಇಲ್ಲ. ನಾನೇ ಹೋದೆ."

"ಮನೆಗೆ ಹೋಗೋಕೆ ಇಷ್ಟ ಇದೆಯಾ?"

"ಇಲ್ಲ. ಕೆಲಸ ಇದೆ ನನಗೆ."

ಅಕ್ರಮ ಬಂಧನವಿಲ್ಲವೆಂದು ಬರೆಸಿ ಅರ್ಜಿ ಮುಗಿಸುವ ಮೊದಲು ನ್ಯಾಯಮೂರ್ತಿಗಳು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. "ಈ ಅರ್ಜಿ ಹಾಕಿದ್ದು ಯಾರು?" ಎಂದಳು ದೊಡ್ಡವಳು. ಅದುವರೆಗೆ ತಮ್ಮನೇ ಇರಬೇಕೆಂದುಕೊಂಡಿದ್ದಳು. ವಕೀಲೆ ಹಿಂದಿನ ಬೆಂಚಿನ ಕಡೆ ಕೈ ತೋರಿಸಿದರು. ದೊಡ್ಡವಳು ತಿರುಗಿ ನೋಡಿದಳು.

ಹೊರಗೆ, ಮೊಗಸಾಲೆಯ ಕಲ್ಲುಬೆಂಚಿನ ಮೇಲೆ, ವಕೀಲೆ ಕೊಟ್ಟ ಅರ್ಜಿಯ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಳು. ಮೊದಲು ಅದರ ಬೆನ್ನು ತಿರುವಿ ನೋಡಿ, "ಯಾವನು ಹೊಲಿದಿದ್ದು ಇದನ್ನ, ಗೋಣಿಚೀಲ ಹೊಲಿದ ಹಾಗೆ," ಎಂದಳು. ಆಮೇಲೆ ಓದತೊಡಗಿದಳು. ಚಿಕ್ಕವಳು ಎದುರಿಗೆ ನಿಂತೇ ಇದ್ದಳು. ಏಳನೇ ಪ್ಯಾರಾಕ್ಕೆ ಬಂದಾಗ ದೊಡ್ಡವಳ ಬೆರಳು ಸಾಲಿನ ಮೇಲೆ ನಿಂತಿತು. ಎರಡು ಸಲ ಓದಿದಳು.

"ಡಾಕ್ಟರನ್ನ ನಾನು ಆಮೇಲೆ ಕೇಳಿದ್ದೆ," ಎಂದಳು. "ಹಾಗೆ ಹೇಳೇ ಇಲ್ಲ ಅಂದ್ರು. ನನಗೆ ಆ ಮಾತು ಹೇಳಿದ್ದು ಇವರು, ಇವರೇ ಸುಳ್ಳು ಹೇಳಿದಾರೆ ಅಂದ್ಕೊಂಡೆ. ನನ್ನ ಗಂಡ. ಏಳು ವರ್ಷ ಅವರಿಗೆ ಸರಿಯಾಗಿ ಮುಖ ಕೊಟ್ಟು ಮಾತಾಡ್ಲಿಲ್ಲ ಕಣೇ. ಹಾಗೇ ಹೋದ್ರು."

ಚಿಕ್ಕವಳಿಗೆ ಇದು ತಿಳಿದಿರಲಿಲ್ಲ. ತನ್ನ ಸುಳ್ಳು ತಮ್ಮಿಬ್ಬರ ನಡುವೆ ಮಾತ್ರ ಇದೆ ಎಂದು ಅವಳು ಇಷ್ಟು ದಿನ ನಂಬಿದ್ದಳು. ಮಹಡಿ ಹತ್ತಿ ಅದು ಯಾರ ಮನೆ ಕೆಡಿಸಿತೆಂದು ಈಗ ಕಂಡಳು. ಬೆಂಚಿನ ತುದಿಯಲ್ಲಿ ಕೂತಳು.

"ಯಾಕೆ ಹೋದೆ ಅಕ್ಕ?" ಎಂದಳು.

"ಒಂದಿನ ಬಚ್ಚಲಲ್ಲಿ ಜಾರಿ ಬಿದ್ದೆ. ಏಳೋಕಾಗ್ಲಿಲ್ಲ. ಕೆಳಗೆ ನೀನು ಗಿರಾಕಿ ಜೊತೆ ಮಾತಾಡೋದು ಕೇಳಿಸ್ತಿತ್ತು. ಕೂಗಬೇಕು ಅಂದ್ರೆ ನಿನ್ನನ್ನೇ ಕೂಗಬೇಕು. ಬಾಯಿ ಬರ್ಲಿಲ್ಲ. ಒಂದು ಗಂಟೆ ಹಾಗೇ ಬಿದ್ದಿದ್ದೆ. ಕೂಗೋಕೆ ನಾಚಿಕೆ ಆಗೋ ಮನೇಲಿ ಇರಬಾರದು ಅನ್ನಿಸ್ತು."

"ಕೂಗಿದ್ರೆ ಬರ್ತಿದ್ದೆ."

"ಅದು ನನಗೆ ಹೇಗೆ ಗೊತ್ತಾಗ್ಬೇಕು?"

ದೂರದಲ್ಲಿ ಪೇದೆ, ಬಸ್ಸಿಗೆ ಹೊತ್ತಾಯಿತು ಎಂಬಂತೆ ಗಡಿಯಾರ ನೋಡಿಕೊಂಡಳು. ದೊಡ್ಡವಳು ಅರ್ಜಿಯನ್ನು ಮಡಿಚಿ ಕೈಚೀಲಕ್ಕೆ ಹಾಕಿಕೊಂಡು ಎದ್ದಳು. ಚಿಕ್ಕವಳು ಅವಳ ಮೊಣಕೈಗೆ ಕೈ ಕೊಟ್ಟಳು; ದೊಡ್ಡವಳು ಅದನ್ನು ಕೊಡವಲಿಲ್ಲ.

"ಈಗ ನಿನ್ನನ್ನ ನೋಡಿದ್ರೆ ಮೈ ಉರೀತಿದೆ. ಹೋಗು," ಎಂದಳು ದೊಡ್ಡವಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. "ಭಾನುವಾರ ಬಾ. ಅಷ್ಟೊತ್ತಿಗೆ ಬೈಯೋಕೆ ಮಾತು ಸಿಕ್ಕಿರುತ್ತೆ."

ಭಾನುವಾರ ಚಿಕ್ಕವಳು ಮೊದಲ ಬಸ್ಸಿಗೇ ಹೋದಳು. ಶಾಲೆಯ ಹಿಂದಿನ ಉದ್ದ ಕೋಣೆಯಲ್ಲಿ ದಪ್ಪ ಹಾಳೆಗಳ ಅಟ್ಟಿಗಳಿದ್ದವು. ದೊಡ್ಡವಳು ಕೆಲಸ ಬಿಡದೆ ಬೈದಳು. ಅತ್ತೆಯ ವಿಷಯಕ್ಕೆ, ಗಂಡನ ವಿಷಯಕ್ಕೆ, ಬಳಿದದ್ದನ್ನು ಆಡಿ ತೋರಿಸಿದ್ದಕ್ಕೆ, ಎಲ್ಲಕ್ಕೂ ಬೇರೆ ಬೇರೆಯಾಗಿ ಬೈದಳು. ಮಧ್ಯೆ ಒಮ್ಮೆ ಅತ್ತಳು. ಚಿಕ್ಕವಳೂ ಅತ್ತಳು, ಒಂದೆರಡು ಕಡೆ ತಿರುಗಿಸಿಯೂ ಹೇಳಿದಳು. ಎರಡು ವರ್ಷದಲ್ಲಿ ಒಂದು ದಿನವಾದರೂ ರಜೆ ಹಾಕಿ ಅತ್ತೆಯ ಪಕ್ಕ ಕೂತಿದ್ದೆಯಾ ಎಂದಳು. ದೊಡ್ಡವಳು ಅದಕ್ಕೆ ಕೈಲಿದ್ದ ರಟ್ಟನ್ನು ಕೆಳಗಿಟ್ಟು, "ಇಲ್ಲ, ಕೂರ್ಬೇಕಿತ್ತು," ಎಂದಳು.

ಆಮೇಲೆ ಸುಮ್ಮನೆ ಕೂರಲಾಗದೆ ಚಿಕ್ಕವಳು ಒಂದು ಅಟ್ಟಿಯನ್ನು ಎಳೆದುಕೊಂಡು, ಅಂಚು ಸಮ ಮಾಡಲೆಂದು ಅಂಗೈಯಿಂದ ಬಲವಾಗಿ ಒತ್ತಹೋದಳು.

"ಏಯ್, ಒತ್ತಬೇಡ ಕಣೇ! ಅದೇನು ಅಂಗೀನಾ? ಚುಕ್ಕಿ ಸತ್ತೋದ್ರೆ ಮಕ್ಕಳು ಏನು ಓದ್ಬೇಕು?"

ದೊಡ್ಡವಳು ಅವಳ ಕೈ ಹಿಡಿದು ಹಾಳೆಯ ಮೇಲೆ ಹಗುರವಾಗಿ ಆಡಿಸಿ, ಎಷ್ಟು ಬಲ ಸಾಕೆಂದು ತೋರಿಸಿದಳು. ಮುಂದಿನ ಅಟ್ಟಿಯನ್ನು ಚಿಕ್ಕವಳೇ ಜೋಡಿಸಿದಳು.