ಮೊಳದುದ್ದ ಹಗ್ಗ

ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳು ಬಿದ್ದಾಗಲೇ ಅಕ್ಕನಿಗೆ ತಮ್ಮ ಬಂದದ್ದು ಗೊತ್ತಾಗುವುದು. ಅವನು ಬಡಿಯುವುದಿಲ್ಲ, ಕೂಗುವುದಿಲ್ಲ, ಕೆಮ್ಮುವುದೂ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತಿರುತ್ತಾನೆ.

"ತೆಗೆದೇ ಇದೆ ಕಣೋ, ತಳ್ಳು!" ಎಂದು ಅವಳು ಅಡುಗೆಮನೆಯಿಂದ ಕೂಗುತ್ತಾಳೆ. ಅವನು ತಳ್ಳುವುದಿಲ್ಲ. ಕೊನೆಗೆ ಅವಳೇ ಕೈ ಒರೆಸಿಕೊಂಡು ಬಂದು ತೆಗೆಯುತ್ತಾಳೆ. "ಮಹಾರಾಜರು ದಯಮಾಡಿಸಬೇಕು. ಬಾಗಿಲು ಕಾಯೋಕೆ ನಾನೊಬ್ಬಳು ಇದೀನಲ್ಲ."

ಅವನು ಇದ್ದುಬಂದ ಜೈಲಿನಲ್ಲಿ ಬಾಗಿಲು ತೆಗೆಯುವವರು ಯಾವಾಗಲೂ ಬೇರೆಯವರೇ. ಅದೊಂದು ಕಾರಣ. ಇನ್ನೊಂದು ಕಾರಣವನ್ನು ಅಕ್ಕ ಬಾಯಿಬಿಟ್ಟು ಆಡುವುದಿಲ್ಲ. ಗೋದಾಮಿನ ಮೆಟ್ಟಿಲ ಮೇಲೆ ಜಗಳವಾದ ದಿನ ಅವನು ಮಾಡಿದ್ದು ಅಷ್ಟೇ, ತಳ್ಳಿದ್ದು. ಬಿದ್ದವನು ಮತ್ತೆ ಏಳಲಿಲ್ಲ.

ಒಳಗೆ ಅವನಿಗೆ 'ಗಾಣದೆತ್ತು' ಎಂದು ಹೆಸರಿಟ್ಟಿದ್ದರು. ಅಂಗಳಕ್ಕೆ ಬಿಟ್ಟಾಗಲೆಲ್ಲ ಗೋಡೆಗುಂಟ ಎಡಕ್ಕೆ ಸುತ್ತುತ್ತ ಓಡುತ್ತಿದ್ದ. ದಣಿದರೆ ನಿದ್ದೆ ಬರುತ್ತದೆ, ನಿದ್ದೆ ಗಟ್ಟಿಯಾದರೆ ಕನಸಿನಲ್ಲಿ ಮೆಟ್ಟಿಲು ಬರುವುದಿಲ್ಲ ಎಂಬ ಲೆಕ್ಕಾಚಾರ. "ಎತ್ತೇ, ಎಣ್ಣೆ ಬಂತಾ?" ಎಂದು ಜೊತೆಯವರು ಕೇಳುತ್ತಿದ್ದರು. ಬರುತ್ತಿದ್ದುದು ಬೆವರು. ಜೈಲಿನಲ್ಲಿ ಅಷ್ಟೊಂದು ಓಡಿಯೂ ಓಡಿಹೋಗದವನು ಅವನೊಬ್ಬನೇ ಇರಬೇಕು.

ಈಗ ಭಾವನ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಕೆಲಸ. ಭಾವ ಕೆಟ್ಟವನೇನಲ್ಲ, ನಾಲಿಗೆ ಮಾತ್ರ ಕಾದ ಇಸ್ತ್ರಿಪೆಟ್ಟಿಗೆ. "ಜೈಲು ಗೀಲು ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ. ಸುಕ್ಕು ಇರೋ ಕಡೆ ಒಳಕ್ಕೆ ಮಡಚು. ಶೀಟಿಗೂ ಅಷ್ಟೇ, ನಿನಗೂ ಅಷ್ಟೇ."

ಶೀಟು ತಲುಪಿಸಲು ಹೋಗಿಬರುತ್ತಿದ್ದಾಗ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಗಂಟುಬಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ; ಆದರೆ ಇಡೀ ಆಸ್ಪತ್ರೆಯೇ ಅವನ ಗಂಟಲಲ್ಲಿ ವಾಸವಾಗಿತ್ತು. ದೊಡ್ಡ ಡಾಕ್ಟರು ಮೂಗಿನಿಂದ "ಹೂಂ... ನೋಡೋಣಾ..." ಎನ್ನುವುದು, ಮೇಟ್ರನ್ನಮ್ಮ "ಯಾರ್ರೀ ಅದು ಚಪ್ಪಲಿ ಎಳೆಯೋದು!" ಎಂದು ಗದರುವುದು, ಎಲ್ಲವೂ ಒಂದೇ ಉಸಿರಿನಲ್ಲಿ ಹೊರಬರುತ್ತಿದ್ದವು. ದೂರದ ಓಟ ಅವನ ಹುಚ್ಚು. ಜೊತೆಗೆ ಓಡುತ್ತಿದ್ದ ಗೆಳೆಯ ಮದುವೆಯಾಗಿ, ಹೊಟ್ಟೆ ಬಿಟ್ಟುಕೊಂಡು, ಓಟ ಬಿಟ್ಟಿದ್ದ.

"ಎಲ್ರೂ ಬಟ್ಟೆ ಗಾಡಿ ತಳ್ಕೊಂಡು ಬರ್ತಾರೆ, ನೀವು ಎಳ್ಕೊಂಡು ಬರ್ತೀರ. ಚಕ್ರದ ಸದ್ದೇ ಹೇಳುತ್ತೆ," ಎಂದ ಆಪರೇಟರ್. "ಹಿಂದಿನಿಂದ ತಳ್ಳದೆ ಜೊತೆಗೆ ಬರೋರು ನನಗೊಬ್ಬರು ಬೇಕು ನೋಡಿ. ಓಡ್ತೀರಾ?"

ಮೊಳದುದ್ದ ಹಗ್ಗ. ಒಂದು ತುದಿ ಇವನ ಬಲಗೈಗೆ, ಇನ್ನೊಂದು ಆಪರೇಟರನ ಎಡಗೈಗೆ. ಮೊದಲ ದಿನ ಮಣಿಕಟ್ಟಿನ ಮೇಲೆ ಗಂಟು ಬಿದ್ದಾಗ ಕೋಳ ನೆನಪಾಗಿ ಇವನು ಕೈ ಹಿಂದಕ್ಕೆಳೆದ.

"ಎಳೀಬೇಡಿ ಸ್ವಾಮಿ, ನಾನೇನು ಎಮ್ಮೇನಾ? ಹಗ್ಗ ಸಡಿಲ ಇರಲಿ. ಸಡಿಲ ಇದ್ರೆ ನೀವು ಪಕ್ಕದಲ್ಲೇ ಇದೀರಿ ಅಂತ. ಬಿಗಿಯಾದ್ರೆ ಏನೋ ಎಡವಟ್ಟು ಅಂತ."

ದಿನಾ ಬೆಳಿಗ್ಗೆ ಓಡಿದರು. "ಹೊಂಡ, ಎಡಕ್ಕೆ." "ಏರು." "ನಾಯಿ, ಮಲಗಿದೆ." ಇವನ ಮಾತು ಇಷ್ಟೇ. ಆಮೇಲೆ ಸೀಸದಂಥ ಕಾಲುಗಳ ಮೇಲೆ ನಿಂತು ದಿನವಿಡೀ ಇಸ್ತ್ರಿ. ಒಂದು ಬೆಳಿಗ್ಗೆ ಏರು ಹತ್ತುವಾಗ, ದೇವರು ಅನ್ನುವವನಿದ್ದರೆ ಹೀಗೇ ಇರಬಹುದು ಅನ್ನಿಸಿತು: ಹಗ್ಗ ಸಡಿಲ ಬಿಟ್ಟು, ಪಕ್ಕದಲ್ಲೇ ಏದುಸಿರು ಬಿಡುತ್ತ. ತನ್ನ ಅಳತೆಗೆ ದೊಡ್ಡದಾದ ಆ ಯೋಚನೆಗೆ ನಾಚಿ ಮುಂದಿನ ಹೊಂಡ ಹುಡುಕಿದ. ಆದರೆ ಅಂದಿನಿಂದ ಒಂದು ಭಯ ಹಿಡಿಯಿತು. ಜೈಲಿನ ವಿಷಯ ತಿಳಿದರೆ ಆಪರೇಟರ್ ಹಗ್ಗ ಬಿಚ್ಚುತ್ತಾನೆ. ಬಿಚ್ಚಿದರೆ ಮತ್ತೆ ಅದೇ ಗಾಣ.

ಊರ ದೊಡ್ಡ ಓಟದ ದಿನ ಅರ್ಧ ದಾರಿ ಕಳೆದಿತ್ತು. ಬಿಸಿಲು ಬಲಿತಿತ್ತು. ವೃತ್ತವೊಂದರಲ್ಲಿ ವಾಹನ ತಡೆಯಲು ಪೊಲೀಸಿನವನು ಉದ್ದಕ್ಕೆ ವಿಸಲ್ ಊದಿದ.

ಇವನು ನೆಟ್ಟ ಕಂಬದಂತೆ ನಿಂತ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಹಗ್ಗ ಜಗ್ಗಿ ಆಪರೇಟರ್ ಮುಗ್ಗರಿಸಿ ಬಿದ್ದ.

ಬಿದ್ದವನು ಅಲುಗಲಿಲ್ಲ. ಇವನಿಗೆ ಡಾಂಬರು ರಸ್ತೆ ಮೆಟ್ಟಿಲಾಗಿ ಕಂಡಿತು. "ಏಳಿ," ಎಂದ. "ಏಳಿ ಸಾರ್. ಏಳಿ."

"ಇರ್ರೀ, ಮೊಣಕಾಲು ಎಲ್ಲಿದೆ ಅಂತ ಹುಡುಕ್ತಿದೀನಿ." ಆಪರೇಟರ್ ಎದ್ದು ಕೂತ. "ಏನಾಯ್ತು? ಹೊಂಡಾನಾ?"

"ವಿಸಲ್."

"ವಿಸಲ್ ಹೊಡೆದ್ರೆ ನಿಲ್ಲೋಕೆ ನೀವೇನು ಬಸ್ಸಾ?"

"ಜೈಲಲ್ಲಿದ್ದೆ. ಅಲ್ಲಿ ವಿಸಲ್ ಹೊಡೆದ್ರೆ ಇದ್ದಲ್ಲೇ ನಿಲ್ಬೇಕು. ಒಬ್ಬನ್ನ ತಳ್ಳಿದ್ದೆ. ಅವನು ಏಳ್ಲಿಲ್ಲ."

ಆಪರೇಟರನ ಗಂಟಲಲ್ಲಿದ್ದ ಡಾಕ್ಟರು, ಮೇಟ್ರನ್ನು ಎಲ್ಲರೂ ಸುಮ್ಮನಾದರು. ಓಟಗಾರರು ಪಕ್ಕದಿಂದ ದಾಟಿಹೋಗುತ್ತಿದ್ದರು.

"ಮೊದ್ಲೇ ಹೇಳ್ಬೇಕಿತ್ತು."

"ಹೇಳಿದ್ರೆ ಬರ್ತಿದ್ರಾ?"

"ಗೊತ್ತಿಲ್ಲಪ್ಪ. ಸುಳ್ಳು ಯಾಕೆ ಹೇಳ್ಲಿ?"

ಆಪರೇಟರನ ಬೆರಳುಗಳು ಮಣಿಕಟ್ಟಿನ ಗಂಟಿಗೆ ಹೋದವು. ಇವನು ಮುಖ ತಿರುಗಿಸಿಕೊಂಡ. ಗಂಟು ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಗಂಟು ಜಾರಿತ್ತು," ಎಂದು ಆಪರೇಟರ್ ಕೈ ನೀಡಿದ. "ಎಬ್ಬಿಸ್ರೀ. ನಾನು ಏಳ್ತೀನಿ."

ಅಲ್ಲಿಂದ ಮುಂದೆ ಓಟವೆನ್ನುವುದು ಬರೀ ಹೆಸರಿಗೆ. ಕುಂಟುತ್ತ, ನಿಲ್ಲುತ್ತ, ಮತ್ತೆ ಕುಂಟುತ್ತ ಹೋದರು. ಹಿಂದುಳಿದವರನ್ನು ತುಂಬಿಕೊಳ್ಳುವ ವ್ಯಾನು ಬಂದು "ಹತ್ತಿ ಸಾರ್" ಎಂದಿತು. ಆಪರೇಟರ್ ಮೂಗಿನಿಂದ "ಹೂಂ... ನೋಡೋಣಾ..." ಎಂದು ಕಳಿಸಿಬಿಟ್ಟ.

ಮೈದಾನ ಮುಟ್ಟಿದಾಗ ಚಪ್ಪಾಳೆಗೆ ಯಾರೂ ಉಳಿದಿರಲಿಲ್ಲ. ಕಬ್ಬಿಣದ ದೊಡ್ಡ ಗೇಟು ಮುಚ್ಚಿತ್ತು. ಇವನು ಅದರ ಮುಂದೆ ನಿಂತ. ಖಾಲಿ ಇದ್ದ ಎಡಗೈ ಬೆನ್ನ ಹಿಂದೆ ಸರಿಯಿತು.

"ಯಾಕೆ ನಿಂತ್ರಿ?"

"ಗೇಟು ಹಾಕಿದಾರೆ."

"ಬೀಗ ಇದೆಯಾ?"

"ಇಲ್ಲ."

ಇಬ್ಬರೂ ಕಾದರು. ಒಳಗಿನಿಂದ ಯಾರೂ ಬರಲಿಲ್ಲ. "ಯಾರ್ರೀ ಅದು ಬಾಗಿಲಲ್ಲಿ ನಿಂತಿರೋದು!" ಎಂದು ಮೇಟ್ರನ್ನಮ್ಮ ಗದರಿದಳು. ಇವನಿಗೆ ನಗು ಬರಲಿಲ್ಲ. ಆಗ ಆಪರೇಟರ್ ತನ್ನದೇ ದನಿಯಲ್ಲಿ ಹೇಳಿದ: "ನನಗೆ ತುಂಬಾ ಸುಸ್ತಾಗಿದೆ ಕಣ್ರೀ. ತಳ್ಳಿ."

ಇವನು ಅಂಗೈ ಚಾಚಿದ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಇನ್ನೊಂದು ಕೈಯ ಹಗ್ಗ ನೋಡಿದ, ಸಡಿಲವಾಗಿತ್ತು. ತಳ್ಳಿದ. ಗೇಟು ನರಳಿ, ಸರಿದು, ದಾರಿ ಬಿಟ್ಟಿತು.

ಒಳಗೆ ಯಾರೋ ಬ್ಯಾನರು ಸುತ್ತಿಡುತ್ತಿದ್ದರು.

"ಇನ್ನೆಷ್ಟಿದೆ?" ಆಪರೇಟರ್ ಕೇಳಿದ.

"ಒಂದು ಸುತ್ತು. ಎಡಕ್ಕೆ." ಇವನು ಉಸಿರು ಬಿಟ್ಟ. "ಇದು ನನಗೆ ಚೆನ್ನಾಗಿ ಬರುತ್ತೆ. ಬನ್ನಿ."